ಹದಿನೇಳು ಇಂಚಿನ ನ್ಯಾಯ

ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ 2026ರ ಜನವರಿ 27ರಂದು ತನ್ನ ಎರಡು ಹಳೆಯ ಪದ್ಧತಿಗಳಿಗೆ ಒಂದೇ ದಿನ ಎಳ್ಳುನೀರು ಬಿಟ್ಟಿತು. ಮೊದಲನೆಯದು, ಸೀಟಿನ ನಂಬರೇ ಇಲ್ಲದೆ ಮೊದಲು ಹತ್ತಿದವರು ಇಷ್ಟಬಂದಲ್ಲಿ ಕೂರುವ ಪದ್ಧತಿ. ನಮ್ಮ ಊರ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಜಾಗ ಹಿಡಿಯುತ್ತೇವಲ್ಲ, ಅದರ ಸುಧಾರಿತ ರೂಪ ಎನ್ನಿ. ಐವತ್ತಕ್ಕೂ ಹೆಚ್ಚು ವರ್ಷ ನಡೆದ ಈ ಪದ್ಧತಿ ಹೋದದ್ದು ದೊಡ್ಡ ಸುದ್ದಿಯಾಯಿತು. ಎರಡನೆಯದು ಅಷ್ಟು ಸುದ್ದಿಯಾಗಲಿಲ್ಲ. ಅದು ದಪ್ಪಗಿರುವ ಪ್ರಯಾಣಿಕರಿಗೆ ಸಂಬಂಧಿಸಿದ್ದು.

ಅಲ್ಲಿಯವರೆಗೆ ಸೌತ್‌ವೆಸ್ಟ್‌ನಲ್ಲಿ ಒಂದು ಸೀಟಿಗೆ ಹಿಡಿಸದವರು ಎರಡು ಟಿಕೆಟ್ ಕೊಂಡು, ಪ್ರಯಾಣ ಮುಗಿದ ಮೇಲೆ ಎರಡನೆಯದರ ಹಣವನ್ನು ವಾಪಸ್ ಪಡೆಯಬಹುದಿತ್ತು. ಮುಂಗಡವಾಗಿ ಕೊಳ್ಳದವರು ಗೇಟಿನಲ್ಲಿ ಕೇಳಿ ಪುಕ್ಕಟೆಯಾಗಿಯೇ ಪಕ್ಕದ ಸೀಟು ಪಡೆಯುವ ಅವಕಾಶವೂ ಇತ್ತು. ಅಮೆರಿಕದ ದಪ್ಪ ಜನ ದೂರವಾದರೂ ಸರಿ, ಸುತ್ತುದಾರಿಯಾದರೂ ಸರಿ ಎಂದು ಇದೇ ವಿಮಾನ ಹುಡುಕಿಕೊಂಡು ಹೋಗುತ್ತಿದ್ದರು. ಹೊಸ ನಿಯಮದಲ್ಲಿ ಎರಡನೇ ಸೀಟನ್ನು ಮುಂಗಡವಾಗಿಯೇ ಕೊಳ್ಳಬೇಕು. ಹಣ ವಾಪಸ್ ಬರಬೇಕಾದರೆ ಆ ವಿಮಾನ ಒಂದು ಸೀಟಾದರೂ ಖಾಲಿ ಇಟ್ಟುಕೊಂಡು ಹಾರಿರಬೇಕು, ಎರಡೂ ಟಿಕೆಟ್ ಒಂದೇ ದರ್ಜೆಯದ್ದಾಗಿರಬೇಕು, 90 ದಿನಗಳೊಳಗೆ ಅರ್ಜಿ ಹಾಕಬೇಕು. ಮುಂಗಡ ಕೊಳ್ಳದೆ ಬಂದವರನ್ನು ಗೇಟಿನಲ್ಲಿ ನೋಡಿ, ನಿಮಗೆ ಇನ್ನೊಂದು ಸೀಟು ಬೇಕು ಎಂದು ಸಿಬ್ಬಂದಿಗೆ ಅನಿಸಿದರೆ ಅಲ್ಲೇ ಆ ಹೊತ್ತಿನ ದರ ತೆರಬೇಕು. ವಿಮಾನ ಭರ್ತಿಯಾಗಿದ್ದರೆ ಮುಂದಿನದಕ್ಕೆ ಕಾಯಬೇಕು.

ಯಾರು ದಪ್ಪ, ಯಾರು ಅಲ್ಲ ಎಂದು ತೀರ್ಮಾನಿಸುವುದು ಹೇಗೆ? ತಕ್ಕಡಿಯಿಲ್ಲ, ಟೇಪೂ ಇಲ್ಲ. ಅಳತೆಗೋಲು ಕೈಯಾಸರೆ. ಎರಡೂ ಕಡೆಯ ಕೈಯಾಸರೆಗಳನ್ನು ಪೂರ್ತಿ ಕೆಳಗಿಳಿಸಿ ಕೂರಲಾದರೆ ನೀವು ಒಬ್ಬ ಪ್ರಯಾಣಿಕ; ಆಗದಿದ್ದರೆ ಇಬ್ಬರು. ಆ ಎರಡು ಕೈಯಾಸರೆಗಳ ನಡುವಿನ ಅಂತರ ಹೆಚ್ಚುಕಡಿಮೆ 17 ಇಂಚು.

ಈ ಅಳತೆಗೋಲು ಎಷ್ಟು ಸಡಿಲ ಎಂಬುದು 2010ರ ಫೆಬ್ರವರಿಯಲ್ಲಿ ಜಗತ್ತಿಗೇ ಗೊತ್ತಾಯಿತು. ಹಾಲಿವುಡ್ ನಿರ್ದೇಶಕ ಕೆವಿನ್ ಸ್ಮಿತ್ ಓಕ್ಲಂಡ್‌ನಿಂದ ಬರ್ಬ್ಯಾಂಕ್‌ಗೆ ಹೊರಟಿದ್ದರು. ದಪ್ಪ ಮನುಷ್ಯ, ಅಭ್ಯಾಸದಂತೆ ಎರಡು ಸೀಟು ಕೊಂಡಿದ್ದರು. ಅದಕ್ಕೂ ಮೊದಲಿನ ವಿಮಾನದಲ್ಲಿ ಜಾಗವಿದೆ ಎಂದು ಗೊತ್ತಾಗಿ ಅದನ್ನೇರಿದರು. ಅಲ್ಲಿ ಇದ್ದದ್ದು ಒಂದೇ ಸೀಟು. ಕೂತು, ಬೆಲ್ಟ್ ಹಾಕಿಕೊಂಡು, ಎರಡೂ ಕೈಯಾಸರೆ ಇಳಿಸಿದ ಮೇಲೂ ಅವರನ್ನು ಎಬ್ಬಿಸಿ ಕೆಳಗಿಳಿಸಲಾಯಿತು. ಆಗಲೇ ಟ್ವಿಟರ್‌ನಲ್ಲಿ ಹದಿನಾರು ಲಕ್ಷದಷ್ಟು ಹಿಂಬಾಲಕರಿದ್ದ ವ್ಯಕ್ತಿ ಅವರು. ಅದೇ ಸಂಜೆ ಸಂಸ್ಥೆ ಕ್ಷಮೆ ಕೇಳಬೇಕಾಯಿತು. ಹಿಂಬಾಲಕರಿಲ್ಲದ ಎಷ್ಟು ಜನ ಹೀಗೆ ತಲೆ ತಗ್ಗಿಸಿ ಇಳಿದುಹೋಗಿದ್ದಾರೋ, ಅವರ ಲೆಕ್ಕ ಯಾವ ಕಡತದಲ್ಲೂ ಇರುವುದಿಲ್ಲ.

ಇಂಥ ಪ್ರಸಂಗ ಸುದ್ದಿಯಾದಾಗಲೆಲ್ಲ ಜಗಳ ಇಬ್ಬರ ನಡುವೆ ನಡೆಯುತ್ತದೆ. ದಪ್ಪಗಿರುವವರು ಒಂದು ಕಡೆ, ಅವರ ಪಕ್ಕದಲ್ಲಿ ಕೂತವರು ಇನ್ನೊಂದು ಕಡೆ. ಒಬ್ಬರದು ಅವಮಾನದ ಮಾತು, ಇನ್ನೊಬ್ಬರದು ಕಾಸು ಕೊಟ್ಟು ಕೊಂಡ ಜಾಗದ ಮಾತು. ಓದುಗರೂ ಎರಡು ಪಕ್ಷವಾಗಿ ಒಡೆಯುತ್ತಾರೆ. ಆ 17 ಇಂಚನ್ನು ನಿಗದಿ ಮಾಡಿದ ಮೂರನೆಯವರು ಮಾತ್ರ ಈ ಪಂಚಾಯಿತಿಯಲ್ಲಿ ಪಂಚರ ಸ್ಥಾನದಲ್ಲಿ ಕೂತಿರುತ್ತಾರೆ. ನನ್ನ ತಕರಾರು ಇರುವುದು ಅಲ್ಲಿ.

17 ಇಂಚು ಎಲ್ಲಿಂದ ಬಂತು ನೋಡೋಣ. ಸೌತ್‌ವೆಸ್ಟ್ ಹಾರಿಸುವುದೆಲ್ಲ ಬೋಯಿಂಗ್ 737. ಆ ವಿಮಾನದ ಒಡಲಿನ ಅಗಲ 1950ರ ದಶಕದ ಬೋಯಿಂಗ್ 707ರಿಂದ ಬಂದದ್ದು. ಒಳಗಿನ ಅಗಲ ಸುಮಾರು 3.54 ಮೀಟರ್. ಅದರಲ್ಲಿ ಓಡಾಡುವ ದಾರಿ, ಕೈಯಾಸರೆಗಳ ಜಾಗ ತೆಗೆದು ಉಳಿದದ್ದನ್ನು ಆರು ಪಾಲು ಮಾಡಿದರೆ ಸಿಗುವುದೇ ಈ ಹದಿನೇಳು ಚಿಲ್ಲರೆ ಇಂಚು. ಏರ್‌ಬಸ್ 320ರ ಒಡಲು ಹದಿನೈದಿಪ್ಪತ್ತು ಸೆಂಟಿಮೀಟರ್ ಹೆಚ್ಚು ಅಗಲ, ಹಾಗಾಗಿ ಅಲ್ಲಿ 18 ಇಂಚು ಸಿಗುತ್ತದೆ. ಒಂದು ಇಂಚು ಏನು ಮಹಾ ಎನ್ನುವವರು ಬೆಂಗಳೂರಿನಿಂದ ದೆಹಲಿಗೆ ಮಧ್ಯದ ಸೀಟಿನಲ್ಲಿ ಕೂತು ಹೋಗಿ ಬರಲಿ. ಏರ್‌ಬಸ್ ಕಂಪನಿ 2013ರಲ್ಲಿ, ದೂರ ಪ್ರಯಾಣಕ್ಕೆ ಕನಿಷ್ಠ 18 ಇಂಚು ಇರಲೇಬೇಕೆಂದು ಜಾಹೀರಾತು ಚಳವಳಿಯನ್ನೇ ಹೂಡಿತ್ತು. ಪ್ರಯಾಣಿಕರ ಮೇಲಿನ ಕರುಣೆಯಷ್ಟೇ ಅಲ್ಲ, ಬೋಯಿಂಗ್‌ಗೆ ಚುಚ್ಚುವ ಉದ್ದೇಶವೂ ಅದರಲ್ಲಿತ್ತು. ಏಕೆಂದರೆ ಅದೇ ಹೊತ್ತಿಗೆ ಹಲವು ಸಂಸ್ಥೆಗಳು ಬೋಯಿಂಗ್ 777ರಲ್ಲಿ ಸಾಲಿಗೆ ಒಂಬತ್ತರ ಬದಲು ಹತ್ತು ಸೀಟು, 787ರಲ್ಲಿ ಎಂಟರ ಬದಲು ಒಂಬತ್ತು ಸೀಟು ಹಾಕಿಸಿಕೊಳ್ಳುತ್ತಿದ್ದವು. ವಿಮಾನ ಅಗಲವಾಗಲಿಲ್ಲ, ಸಾಲಿನಲ್ಲಿ ಒಬ್ಬರು ಹೆಚ್ಚಾದರು.

ಇತ್ತ ಮನುಷ್ಯರು ಅಗಲವಾದರು. ಅಮೆರಿಕ ಸರ್ಕಾರದ ಆರೋಗ್ಯ ಸಮೀಕ್ಷೆಗಳ ಪ್ರಕಾರ 1960ರ ದಶಕದ ಆರಂಭದಲ್ಲಿ ಅಲ್ಲಿನ ಗಂಡಸಿನ ಸರಾಸರಿ ತೂಕ 75 ಕೆ.ಜಿ. ಇತ್ತು, 2002ರ ಹೊತ್ತಿಗೆ 87ರ ಹತ್ತಿರ ಬಂತು. ಹೆಂಗಸರದು 63ರಿಂದ 74ಕ್ಕೆ ಏರಿತು. ಕಾಲ ಕಳೆದಂತೆ ಸೀಟುಗಳ ನಡುವಿನ ಅಂತರ 35 ಇಂಚಿನಿಂದ 31ಕ್ಕೆ, ಕೆಲವು ವಿಮಾನಗಳಲ್ಲಿ 28ಕ್ಕೆ ಇಳಿಯುತ್ತ ಹೋಯಿತು. ಪ್ರಯಾಣಿಕರ ಸಂಘಟನೆಯೊಂದು ಇದನ್ನು ಪ್ರಶ್ನಿಸಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯಕ್ಕೆ ಹೋದಾಗ, 2017ರಲ್ಲಿ ನ್ಯಾಯಾಧೀಶೆ ಪೆಟ್ರೀಶಿಯಾ ಮಿಲೆಟ್ ತಮ್ಮ ತೀರ್ಪಿನಲ್ಲಿ ಇದನ್ನು ನಂಬಲಾಗದಂತೆ ಕುಗ್ಗುತ್ತಿರುವ ವಿಮಾನದ ಸೀಟಿನ ಪ್ರಕರಣ ಎಂದು ಪತ್ತೇದಾರಿ ಕತೆಯ ಧಾಟಿಯಲ್ಲಿ ಬಣ್ಣಿಸಿದರು. ಮರುವರ್ಷ ಅಮೆರಿಕದ ಸಂಸತ್ತು ಸೀಟಿನ ಕನಿಷ್ಠ ಅಳತೆ ನಿಗದಿ ಮಾಡಿ ಎಂದು ವಿಮಾನಯಾನ ನಿಯಂತ್ರಕರಿಗೆ ಕಾನೂನಿನ ಮೂಲಕವೇ ಹೇಳಿತು.

ನಿಯಂತ್ರಕರು ಮಾಡಿದ್ದು ಒಂದು ಪರೀಕ್ಷೆ. ತುರ್ತು ಸಂದರ್ಭದಲ್ಲಿ ವಿಮಾನವನ್ನು 90 ಸೆಕೆಂಡಿನಲ್ಲಿ ಖಾಲಿ ಮಾಡಲು ಸಾಧ್ಯವಿರಬೇಕು ಎಂಬ ಹಳೆಯ ನಿಯಮವಿದೆ. ಓಕ್ಲಹೋಮ ನಗರದಲ್ಲಿ ವಿಮಾನದ ಮಾದರಿ ಕಟ್ಟಿ, 775 ಸ್ವಯಂಸೇವಕರನ್ನು ಬೇರೆ ಬೇರೆ ಅಂತರದ ಸೀಟುಗಳಲ್ಲಿ ಕೂರಿಸಿ ಓಡಿಸಿದರು. 28 ಇಂಚಿನ ಅಂತರದಲ್ಲೂ ತೊಂದರೆ ಇಲ್ಲ ಎಂಬ ಫಲಿತಾಂಶ ಬಂತು. ಆ 775 ಮಂದಿಯೂ 60 ದಾಟದ, ಕೈಕಾಲು ಗಟ್ಟಿಯಿರುವ ವಯಸ್ಕರು. ಅಜ್ಜಿಯಿಲ್ಲ, ಮಗು ಎತ್ತಿಕೊಂಡ ತಾಯಿಯಿಲ್ಲ, ಮಂಡಿ ಹಿಡಿದುಕೊಂಡ ಯಜಮಾನರಿಲ್ಲ. ಇಂಥ ವಿಮಾನ ಬೆಂಗಳೂರಿನಿಂದಲಂತೂ ಹೊರಡುವುದಿಲ್ಲ.

ಪಕ್ಕದ ಸೀಟಿನವರ ಕಷ್ಟ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಬ್ರಿಟನ್ನಿನಿಂದ ಲಾಸ್ ಏಂಜಲಿಸ್‌ಗೆ ಹೊರಟಿದ್ದ ವೇಲ್ಸ್‌ನ ಮಹಿಳೆಯೊಬ್ಬರು ಹನ್ನೊಂದು ತಾಸು ಪಕ್ಕದ ಪ್ರಯಾಣಿಕರ ಭಾರಕ್ಕೆ ಒತ್ತಿಕೊಂಡು ಕೂತು, ಇಳಿದ ಮೇಲೆ ಎದೆಯಲ್ಲಿ ರಕ್ತ ಹೆಪ್ಪುಗಟ್ಟುವಿಕೆಯಿಂದ ನರಳಿದರು. ವರ್ಜಿನ್ ಅಟ್ಲಾಂಟಿಕ್ ಸಂಸ್ಥೆ 2002ರಲ್ಲಿ ಅವರಿಗೆ 13,000 ಪೌಂಡ್ ಪರಿಹಾರ ಕೊಟ್ಟಿತು. ಕಾಸು ಕೊಟ್ಟವರು ಅರ್ಧ ಸೀಟಿನಲ್ಲಿ ಕೂರಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ. ಆದರೆ ಆ ಪ್ರಕರಣದಲ್ಲಿ ಪರಿಹಾರ ಕೊಟ್ಟದ್ದು ಯಾರು ನೋಡಿ. ಪಕ್ಕದಲ್ಲಿದ್ದ ದಪ್ಪ ಪ್ರಯಾಣಿಕರಲ್ಲ, ಇಬ್ಬರಿಗೂ ಟಿಕೆಟ್ ಮಾರಿದ ಸಂಸ್ಥೆ.

ಈ ವಿವೇಕವನ್ನು ಕೊನೆಯವರೆಗೂ ಒಯ್ದ ದೇಶವೆಂದರೆ ಕೆನಡಾ. ಕ್ಯಾಲ್ಗರಿಯ ಮಹಿಳೆಯೊಬ್ಬರು 1997ರಲ್ಲಿ ಏರ್ ಕೆನಡಾ ವಿಮಾನದಲ್ಲಿ ಕೂರಲಾಗದೆ ಪಟ್ಟ ಪಾಡನ್ನು ದೂರಾಗಿ ಬರೆದುಕೊಟ್ಟರು. ಅವರು ಕೇಳಿದ್ದು ಸರಳ ಪ್ರಶ್ನೆ: ದೇಹದ ಗಾತ್ರದಿಂದ ಸಾಮಾನ್ಯ ಸೀಟಿನಲ್ಲಿ ಕೂರಲಾಗದಿರುವುದು ಅಂಗವೈಕಲ್ಯವೋ ಅಲ್ಲವೋ? ಪ್ರಶ್ನೆ ಮೇಲ್ಮನವಿ ನ್ಯಾಯಾಲಯ ಮುಟ್ಟಿ, 2006ರಲ್ಲಿ ಅವರ ಪರವಾಗಿ ಬಗೆಹರಿಯಿತು. ಅದರ ಬೆನ್ನಿಗೇ 2008ರ ಜನವರಿ 10ರಂದು ಕೆನಡಾದ ಸಾರಿಗೆ ಪ್ರಾಧಿಕಾರ ಒಬ್ಬ ವ್ಯಕ್ತಿಗೆ ಒಂದೇ ದರ ಎಂಬ ಪ್ರಸಿದ್ಧ ಆದೇಶ ಹೊರಡಿಸಿತು. ಅಂಗವೈಕಲ್ಯದ ಕಾರಣದಿಂದ ಸಹಾಯಕರನ್ನು ಜೊತೆಗೆ ಕರೆದೊಯ್ಯಲೇಬೇಕಾದವರು, ಎರಡು ಸೀಟು ಬೇಕೇಬೇಕಾದವರು, ಈ ಎಲ್ಲರಿಂದಲೂ ದೇಶದೊಳಗಿನ ಪ್ರಯಾಣಕ್ಕೆ ಒಂದೇ ಟಿಕೆಟ್ಟಿನ ಹಣ ತೆಗೆದುಕೊಳ್ಳಬೇಕು. ದಪ್ಪಗಿದ್ದ ಮಾತ್ರಕ್ಕೆ ಈ ಸೌಲಭ್ಯವಿಲ್ಲ. ಗಾತ್ರವೇ ಅಡ್ಡಿಯಾಗಿದೆ ಎಂಬುದು ಸಾಬೀತಾಗಬೇಕು.

ವಿಮಾನ ಸಂಸ್ಥೆಗಳು ಸುಮ್ಮನಿರಲಿಲ್ಲ. ದಿವಾಳಿಯಾಗುತ್ತೇವೆ ಎಂಬ ಎಂದಿನ ಗೋಳು ಕೇಳಿಬಂತು. ಪ್ರಾಧಿಕಾರ ಗೋಳನ್ನು ಕೇಳಿಸಿಕೊಂಡು, ಪೆನ್ಸಿಲ್ ಹಿಡಿದು ಲೆಕ್ಕಕ್ಕೆ ಕೂತಿತು. ಏರ್ ಕೆನಡಾಕ್ಕೆ ವರ್ಷಕ್ಕೆ 70 ಲಕ್ಷ ಡಾಲರ್, ವೆಸ್ಟ್‌ಜೆಟ್‌ಗೆ 15 ಲಕ್ಷ. ಇದನ್ನು ಎಲ್ಲ ಟಿಕೆಟ್‌ಗಳ ಮೇಲೆ ಹಂಚಿದರೆ ಏರ್ ಕೆನಡಾದ ಒಂದು ಟಿಕೆಟ್ಟಿಗೆ 77 ಸೆಂಟ್, ವೆಸ್ಟ್‌ಜೆಟ್‌ನ ಒಂದು ಟಿಕೆಟ್ಟಿಗೆ 44 ಸೆಂಟ್. ಡಾಲರಿಗೂ ಕಡಿಮೆ! ಸಂಸ್ಥೆಗಳು ಸುಪ್ರೀಂ ಕೋರ್ಟಿನ ಬಾಗಿಲು ಬಡಿದವು. 2008ರ ನವೆಂಬರಿನಲ್ಲಿ ಆ ನ್ಯಾಯಾಲಯ ಮೇಲ್ಮನವಿಯನ್ನು ಎತ್ತಿಕೊಳ್ಳಲೇ ಇಲ್ಲ. 2009ರ ಜನವರಿಯಿಂದ ಆದೇಶ ಜಾರಿಯಲ್ಲಿದೆ. ಯಾವ ಸಂಸ್ಥೆಯೂ ಈ ಕಾರಣಕ್ಕೆ ಮುಳುಗಲಿಲ್ಲ. ಕೊರತೆಯೇನೆಂದರೆ ಇದು ಕೆನಡಾದ ಗಡಿಯೊಳಗೆ ಮಾತ್ರ. ಟೊರಾಂಟೊದಿಂದ ವ್ಯಾಂಕೂವರ್‌ಗೆ ಒಬ್ಬರಾಗಿ ಹೋದವರು ಟೊರಾಂಟೊದಿಂದ ನ್ಯೂಯಾರ್ಕ್‌ಗೆ ಹೊರಟರೆ ಇಬ್ಬರಾಗಿಬಿಡಬಹುದು.

ಈ ವಿಷಯ ಮಾತಿಗೆ ಬಂದಾಗ ನಮ್ಮಲ್ಲಿ ತಪ್ಪದೆ ಕೇಳಿಬರುವ ಒಂದು ವಾದವಿದೆ. ನನ್ನ ಸೂಟ್‌ಕೇಸ್ 15 ಕೆ.ಜಿ. ದಾಟಿ ಎರಡು ಕೆ.ಜಿ. ಹೆಚ್ಚಾದರೆ ಕೌಂಟರಿನಲ್ಲಿ ದುಡ್ಡು ಕೀಳುತ್ತಾರೆ, ನನ್ನ ಹಿಂದೆ ನಿಂತವರು ನೂರಿಪ್ಪತ್ತು ಕೆ.ಜಿ. ಇದ್ದರೂ ಅದೇ ಟಿಕೆಟ್ಟಾ? ಕೇಳಲು ನ್ಯಾಯವಾಗಿಯೇ ಇದೆ. ಇದೇ ತರ್ಕವನ್ನು ಸ್ವಲ್ಪ ಮುಂದಕ್ಕೆ ಎಳೆಯೋಣ. 50 ಕೆ.ಜಿ. ತೂಗುವ ಹುಡುಗಿ 85 ಕೆ.ಜಿ.ಯ ಆರಡಿ ಆಳಿಗಿಂತ ಕಡಿಮೆ ಕೊಡಬೇಕಲ್ಲವೇ? ನಮ್ಮ ಅಗ್ಗದ ವಿಮಾನಗಳು ಎರಡು ವರ್ಷ ತುಂಬಿದ, 12 ಕೆ.ಜಿ.ಯ ಮಗುವಿಗೂ ದೊಡ್ಡವರಷ್ಟೇ ದರ ಹಾಕುತ್ತವೆ. ಆ ಮಗುವಿನ ಅಪ್ಪ ತೂಕದ ಲೆಕ್ಕದಲ್ಲಿ ರಿಯಾಯಿತಿ ಕೇಳಿದ್ದನ್ನು ಯಾರಾದರೂ ನೋಡಿದ್ದಾರೆಯೇ? ತೂಕದ ನ್ಯಾಯ ನಮಗೆ ನೆನಪಾಗುವುದು ದಪ್ಪಗಿರುವವರನ್ನು ಕಂಡಾಗ ಮಾತ್ರ. ಲಗೇಜಿನ ಶುಲ್ಕವಂತೂ ಇಂಧನದ ಲೆಕ್ಕಕ್ಕಿಂತ ಹೆಚ್ಚಾಗಿ ಆದಾಯದ ಲೆಕ್ಕ. ಕಿಟಕಿಯ ಪಕ್ಕ ಕೂರಲೂ ಅವರು ಕಾಸು ಕೇಳುತ್ತಾರೆ, ಕಿಟಕಿಗೇನು ತೂಕವಿದೆ?

ತೂಕದ ತರ್ಕವನ್ನು ಪ್ರಾಮಾಣಿಕವಾಗಿ ಪಾಲಿಸಿದ ಒಂದು ಸಂಸ್ಥೆ ಇತ್ತು. ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರದ ಸಮೋವಾ ಏರ್. 2013ರಲ್ಲಿ ಅದು ಪ್ರಯಾಣಿಕರನ್ನೂ ಅವರ ಗಂಟುಮೂಟೆಯನ್ನೂ ಒಟ್ಟಿಗೆ ತೂಗಿ, ಕಿಲೋಗೆ ಇಷ್ಟು ಎಂದು ದರ ಹಾಕಿತು. ಹತ್ತು ಜನ ಕೂರುವಂಥ ಪುಟಾಣಿ ವಿಮಾನಗಳಿದ್ದ ಸಂಸ್ಥೆ ಅದು. ಅಂಥ ವಿಮಾನದಲ್ಲಿ ಸೀಟು ತುಂಬುವ ಮೊದಲೇ ತೂಕ ತುಂಬುತ್ತದೆ. ಸಮೋವಾದ ಜನ ಜಗತ್ತಿನಲ್ಲೇ ಅತಿ ಹೆಚ್ಚು ಸ್ಥೂಲಕಾಯರ ಸಾಲಿನಲ್ಲಿರುವವರು. ಅಲ್ಲಿ ತೆಳ್ಳಗಿನವರಿಗೂ ಮಕ್ಕಳಿಗೂ ನಿಜಕ್ಕೂ ಕಡಿಮೆ ದರ ಬಿತ್ತು. ಅದೇ ಸಂಸ್ಥೆ ಬಳಿಕ ದಪ್ಪಗಿರುವವರಿಗಾಗಿ ಅಗಲವಾದ ಸೀಟಿನ ಸಾಲೊಂದನ್ನೂ ಮಾಡಿಸಿತು. ನನಗೆ ಈ ಪದ್ಧತಿ ಇಷ್ಟವಿಲ್ಲ. ಆದರೂ ಇದರಲ್ಲಿ ಮೋಸವಿಲ್ಲ ಎಂದು ಒಪ್ಪಬೇಕು. ಸಮೋವಾ ಏರ್ ಎರಡೂ ಕಡೆಗೆ ಲೆಕ್ಕ ಹಾಕಿತು, ಮಿಕ್ಕವರು ಒಂದೇ ಕಡೆಗೆ ಹಾಕುತ್ತಾರೆ.

ಸುರಕ್ಷತೆಗೆ ತೂಕ ಮುಖ್ಯವಲ್ಲವೇ ಎಂದರೆ, ಖಂಡಿತ ಮುಖ್ಯ. ಅಮೆರಿಕದ ಶಾರ್ಲಟ್‌ನಲ್ಲಿ 2003ರ ಜನವರಿ 8ರಂದು ಏರ್ ಮಿಡ್‌ವೆಸ್ಟ್ ಸಂಸ್ಥೆಯ ಚಿಕ್ಕ ವಿಮಾನವೊಂದು ಮೇಲೇರುತ್ತಲೇ ಬಿದ್ದು 21 ಜನ ಸತ್ತರು. ಬಾಲದ ನಿಯಂತ್ರಣ ತಂತಿಯನ್ನು ತಪ್ಪಾಗಿ ಜೋಡಿಸಿದ್ದು ಒಂದು ಕಾರಣ. ಲೆಕ್ಕದಲ್ಲಿದ್ದುದಕ್ಕಿಂತ ನಿಜವಾದ ಹೊರೆ ಹೆಚ್ಚಿದ್ದು, ಅದು ಹಿಂಭಾಗಕ್ಕೆ ವಾಲಿದ್ದು ಇನ್ನೊಂದು. ವಿಮಾನ ಸಂಸ್ಥೆಗಳು ನಮ್ಮನ್ನು ತೂಗುವುದಿಲ್ಲ, ಒಬ್ಬೊಬ್ಬರು ಸರಾಸರಿ ಇಷ್ಟು ಎಂದು ಅಂದಾಜು ಹಾಕಿಕೊಳ್ಳುತ್ತವೆ. ಆ ಅಂದಾಜು ಹಳತಾಗಿತ್ತು. ದುರಂತದ ನಂತರ ಅಮೆರಿಕದ ನಿಯಂತ್ರಕರು ಅದನ್ನು ಹತ್ತು ಪೌಂಡ್, ಅಂದರೆ ನಾಲ್ಕೂವರೆ ಕೆ.ಜಿ. ಏರಿಸಿದರು. ಏರ್ ನ್ಯೂಜಿಲೆಂಡ್ 2023ರಲ್ಲಿ, ಫಿನ್‌ಏರ್ 2024ರಲ್ಲಿ ಒಪ್ಪಿದ ಪ್ರಯಾಣಿಕರನ್ನು ತಕ್ಕಡಿ ಮೇಲೆ ನಿಲ್ಲಿಸಿದ್ದೂ ಈ ಸರಾಸರಿಯನ್ನು ತಿದ್ದಿಕೊಳ್ಳಲಿಕ್ಕೇ. ಆಗ ತೂಕದ ಅಂಕಿ ಇತರ ಪ್ರಯಾಣಿಕರಿಗೆ ಕಾಣದಂತೆ ನೋಡಿಕೊಂಡರು, ಹೆಸರು ಬರೆದುಕೊಳ್ಳಲಿಲ್ಲ. ನೂರಾರು ಜನರ ವಿಮಾನದಲ್ಲಿ ಒಬ್ಬರ ತೂಕ ಲೆಕ್ಕಕ್ಕೇ ಬರುವುದಿಲ್ಲ. ಎರಡನೇ ಟಿಕೆಟ್ ಕೇಳುವುದು ಭಾರಕ್ಕಲ್ಲ, ಅಗಲಕ್ಕೆ.

ನಮ್ಮ ದೇಶದ ಮಟ್ಟಿಗೆ ಹೇಳುವುದಾದರೆ ಇಲ್ಲಿ ಕೆನಡಾದಂಥ ನಿಯಮವೇ ಇಲ್ಲ. ಇಂಡಿಗೊ ಸಂಸ್ಥೆ 2020ರ ಜುಲೈನಲ್ಲಿ ಒಬ್ಬರಿಗೆ ಎರಡು ಸೀಟು ಕೊಳ್ಳುವ ಸೌಲಭ್ಯ ತಂದಾಗ ಅದು ಕೊರೊನಾ ಭಯಕ್ಕೆ ಪಕ್ಕದ ಸೀಟು ಖಾಲಿ ಇಟ್ಟುಕೊಳ್ಳಲಿ ಎಂಬ ಉದ್ದೇಶದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡುತ್ತದೆ, ಸ್ಥೂಲಕಾಯ ಅದರಲ್ಲಿಲ್ಲ. ಹೀಗಾಗಿ ನಮ್ಮ ದಪ್ಪ ಪ್ರಯಾಣಿಕರು ಕಾನೂನಿನ ಕಣ್ಣಿಗೆ ಕಾಣುವುದೂ ಇಲ್ಲ. ಉಸಿರು ಬಿಗಿಹಿಡಿದು, ಭುಜ ಮುದುಡಿ, ಗಗನಸಖಿಯ ಕಿವಿಯಲ್ಲಿ ಬೆಲ್ಟಿಗೆ ಇನ್ನೊಂದು ತುಂಡು ಕೊಡಿ ಎಂದು ಪಿಸುಗುಟ್ಟಿ ಪ್ರಯಾಣ ಮುಗಿಸುತ್ತಾರೆ. ಅವರು ತುಂಬ ಕಡಿಮೆ ಜನ ಎಂದುಕೊಳ್ಳಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆಂಗಸರಲ್ಲಿ ಶೇ 24, ಗಂಡಸರಲ್ಲಿ ಶೇ 22.9 ಮಂದಿ ಅಧಿಕ ತೂಕದವರು ಅಥವಾ ಸ್ಥೂಲಕಾಯರು. ಕರ್ನಾಟಕದಲ್ಲಿ ಇದು ಇಬ್ಬರಲ್ಲೂ ಶೇ 30ರ ಆಸುಪಾಸು. ಇವರಲ್ಲಿ ಹೆಚ್ಚಿನವರು 18 ಇಂಚಿಗೆ ಹಿಡಿಸುವವರೇ, ಆದರೆ ಅಂಚು ದೂರವಿಲ್ಲ.

ನಮ್ಮ ಅಗ್ಗದ ವಿಮಾನಯಾನ ಹುಟ್ಟಿದ ರೀತಿಯೂ ಇದಕ್ಕೆ ಕಾರಣ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರು-ಹುಬ್ಬಳ್ಳಿ ನಡುವೆ ಏರ್ ಡೆಕ್ಕನ್ ಹಾರಿಸಿದಾಗ, ಟಿಕೆಟ್ ಅಗ್ಗವಾಗಲು ಸೀಟು ಹೆಚ್ಚಾಗಬೇಕು ಎಂಬುದು ಸರಳ ಸೂತ್ರವಾಗಿತ್ತು. ದೊಡ್ಡ ಸಂಸ್ಥೆಗಳು ನೂರೈವತ್ತರ ಸುತ್ತಮುತ್ತ ಜನರನ್ನು ಕೂರಿಸುತ್ತಿದ್ದ ಏರ್‌ಬಸ್ 320ರಲ್ಲಿ 180 ಸೀಟು ಬಂದವು. ಆ ಸೂತ್ರದಿಂದಲೇ ಲಕ್ಷಾಂತರ ಕನ್ನಡಿಗರು ಮೊದಲ ಸಲ ವಿಮಾನ ಹತ್ತಿದ್ದು; ಅದನ್ನು ಹಳಿಯಲು ನನಗೆ ಮನಸ್ಸಿಲ್ಲ. ಈಗ ಇಂಡಿಗೊದ ಏರ್‌ಬಸ್ 320 ನಿಯೊದಲ್ಲಿ 186 ಸೀಟುಗಳವರೆಗೆ ಇವೆ, ಅದರ ಉದ್ದನೆಯ ತಮ್ಮ 321ರಲ್ಲಿ 232ರವರೆಗೆ. ಒಂದು ಸಾಲು ಕಿತ್ತು ಅಗಲದ ಸೀಟು ಹಾಕಿದರೆ ಎಷ್ಟು ನಷ್ಟ, ಟಿಕೆಟ್ಟಿಗೆ ಎಷ್ಟು ರೂಪಾಯಿ ಬೀಳುತ್ತದೆ ಎಂದು ಕೆನಡಾದವರ ಹಾಗೆ ಲೆಕ್ಕ ಕೇಳುವವರು ಮಾತ್ರ ನಮ್ಮಲ್ಲಿ ಹುಟ್ಟಿಲ್ಲ.

ಬಸ್ಸಿನಲ್ಲಿ ಈ ಸಮಸ್ಯೆ ಇಷ್ಟು ಮೊನಚಾಗಿರಲಿಲ್ಲ. ಕೆಂಪು ಬಸ್ಸಿನ ಮೂರು ಜನರ ಬೆಂಚಿಗೆ ಕೈಯಾಸರೆಯ ಗಡಿ ಇಲ್ಲ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ ಎಂದರೆ ಇಂಚು ಅತ್ತಿತ್ತ ಹರಿಯುತ್ತದೆ. ಟಿಕೆಟ್ ತಲೆಗೆ, ಸೊಂಟಕ್ಕಲ್ಲ. ಹಾಗೆಂದು ಕೆಎಸ್ಆರ್‌ಟಿಸಿ ನಿಯಮವೂ ವಿಚಿತ್ರಗಳಿಂದ ಮುಕ್ತವಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟಿದ್ದ ಅಜ್ಜಿ-ಮೊಮ್ಮಗಳು ಶಕ್ತಿ ಯೋಜನೆಯಲ್ಲಿ ಪುಕ್ಕಟೆ ಹೋದರು, ಅವರ ಪಂಜರದಲ್ಲಿದ್ದ ನಾಲ್ಕು ಹಕ್ಕಿಗಳಿಗೆ ತಲಾ 111ರಂತೆ 444 ರೂಪಾಯಿ ಟಿಕೆಟ್ ಬಿತ್ತು. ಹಕ್ಕಿಗಳು ಸೀಟು ಕೇಳಿದ್ದವೋ ಇಲ್ಲವೋ, ನಿಯಮ ಕೇಳಿತು.

ಇಷ್ಟಾದರೂ ಬೆಂಚು ಹಂಚಿಕೊಳ್ಳುವ ನಾವು ನಾಲಿಗೆಯಲ್ಲಿ ಉದಾರಿಗಳಲ್ಲ. ಮದುವೆ ಮನೆಗೆ ಹೋದರೆ, ಚೆನ್ನಾಗಿದ್ದೀಯಾ ಎನ್ನುವ ಮೊದಲೇ ಏನು ಹೀಗೆ ಊದಿಕೊಂಡಿದ್ದೀಯಾ ಎಂಬ ಸ್ವಾಗತ. ನಮ್ಮ ಸಿನಿಮಾಗಳಲ್ಲಿ ದಪ್ಪ ನಟ ಬಂದನೆಂದರೆ ಕುರ್ಚಿ ಮುರಿಯಲೇಬೇಕು, ಆಟೊ ಒಂದು ಕಡೆಗೆ ವಾಲಲೇಬೇಕು. ದಪ್ಪ ನಾಯಕಿಯಂತೂ ಇಲ್ಲವೇ ಇಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ 21 ವರ್ಷದ ನಟಿಯೊಬ್ಬರು ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಚಿತ್ರಗಳಲ್ಲಿ ಕಂಡ ಆ ಹುಡುಗಿಯನ್ನು ದಪ್ಪ ಎನ್ನಲು ನನಗಂತೂ ಕಾರಣ ಕಾಣಲಿಲ್ಲ.

ವಿಮಾನದೊಳಗೆ ಕೆಲಸ ಮಾಡುವವರ ಮೇಲಂತೂ ಈ ಕಣ್ಣು ಇನ್ನೂ ಕಠಿಣ. ಏರ್ ಇಂಡಿಯಾ 2009ರಲ್ಲಿ ತೂಕ ಹೆಚ್ಚಿದೆ ಎಂದು ಹಲವು ಗಗನಸಖಿಯರನ್ನು ಮನೆಗೆ ಕಳಿಸಿತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2014ರಲ್ಲಿ ತಂದ ನಿಯಮದಂತೆ ದೇಹತೂಕ ಸೂಚ್ಯಂಕ ಗಂಡಸರಿಗೆ 25ರವರೆಗೆ ಸರಿ, ಹೆಂಗಸರಿಗೆ 22ರವರೆಗೆ ಮಾತ್ರ. ಮರುವರ್ಷ ನೂರಿಪ್ಪತ್ತೈದರಷ್ಟು ಸಿಬ್ಬಂದಿಯನ್ನು ವಿಮಾನದಿಂದ ಇಳಿಸುವ ಸುದ್ದಿ ಬಂತು. ತುರ್ತು ಬಾಗಿಲು ತೆರೆಯುವ ಶಕ್ತಿಗೂ ಗಂಡು-ಹೆಣ್ಣಿನ ನಡುವಿನ ಈ ಮೂರು ಅಂಕಗಳ ಅಂತರಕ್ಕೂ ಏನು ಸಂಬಂಧವೋ!

ಆ ಸೂಚ್ಯಂಕದ ಕತೆಯೂ ಸ್ವಾರಸ್ಯದ್ದು. ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಎಂಬ ಗಣಿತ-ಖಗೋಳ ವಿಜ್ಞಾನಿ 1830ರ ದಶಕದಲ್ಲಿ ಸರಾಸರಿ ಮನುಷ್ಯನನ್ನು ಅಂಕಿಗಳಲ್ಲಿ ಹಿಡಿಯಲು ಹೊರಟು ರೂಪಿಸಿದ ಲೆಕ್ಕ ಅದು. ಒಬ್ಬೊಬ್ಬರ ಆರೋಗ್ಯ ಅಳೆಯಲು ಮಾಡಿದ್ದಲ್ಲ. ನಮ್ಮವರ ಮಟ್ಟಿಗೆ ಅದು ಇನ್ನೂ ದಾರಿ ತಪ್ಪಿಸುತ್ತದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೊವನ್ನೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹಾಕಿಸಿದರು. ಇಬ್ಬರ ಸೂಚ್ಯಂಕವೂ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕರಲ್ಲಿ ಶೇ 21.2. ತೆಳ್ಳಗೆ ಕಾಣುವ ಭಾರತೀಯರ ಒಳಗೆ ಕೊಬ್ಬು ಕೂತಿರುತ್ತದೆ. ಈ ಕತೆಯ ಬೇರು ಹುಟ್ಟಿನವರೆಗೂ ಹೋಗುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದಲೇ ಹುಟ್ಟಿದ ಶಿಶುಗಳ ತೂಕ, ಉದ್ದ ಬರೆದಿಟ್ಟಿತ್ತು. ಆ ಶಿಶುಗಳು ನಡುವಯಸ್ಸು ದಾಟಿದ ಮೇಲೆ ಸಂಶೋಧಕರು ಮನೆಮನೆ ಹುಡುಕಿ ಪರೀಕ್ಷಿಸಿದರು. ಹುಟ್ಟಿದಾಗಿನ ಅಳತೆಗೂ ಬಸಿರಿಯ ದೇಹಸ್ಥಿತಿಗೂ ಮುಂದಿನ ಮಧುಮೇಹ, ಹೃದ್ರೋಗಗಳಿಗೂ ನಂಟಿದೆ ಎಂಬುದಕ್ಕೆ ಜಗತ್ತಿಗೆ ಸಿಕ್ಕ ಮುಖ್ಯ ಪುರಾವೆಗಳಲ್ಲಿ ಮಂಡಿ ಮೊಹಲ್ಲಾದ ಆ ಹಳೆಯ ರಿಜಿಸ್ಟರುಗಳೂ ಸೇರಿವೆ.

ಬಾಯಿ ಕಟ್ಟಿದರೆ ಮೈ ಕರಗುತ್ತದೆ ಎನ್ನುವವರಿಗೆ ಇನ್ನೊಂದು ಸಂಗತಿ. ಅಮೆರಿಕದ ಟಿವಿಯಲ್ಲಿ ತೂಕ ಇಳಿಸುವ ಸ್ಪರ್ಧೆಯೊಂದು ನಡೆಯುತ್ತಿತ್ತು. ಅದರ 14 ಸ್ಪರ್ಧಿಗಳನ್ನು ಆರು ವರ್ಷದ ನಂತರ ಪರೀಕ್ಷಿಸಿದ ಕೆವಿನ್ ಹಾಲ್ ತಂಡದ ಅಧ್ಯಯನ 2016ರಲ್ಲಿ ಬಂತು. ಹೆಚ್ಚಿನವರ ತೂಕ ಬಹುಪಾಲು ಮರಳಿ ಬಂದಿತ್ತು. ಅವರ ದೇಹ ಆ ಗಾತ್ರದವರು ಸಾಮಾನ್ಯವಾಗಿ ಸುಡಬೇಕಾದ್ದಕ್ಕಿಂತ ದಿನಕ್ಕೆ 500 ಕ್ಯಾಲೊರಿಯಷ್ಟು ಕಡಿಮೆ ಸುಡುತ್ತಿತ್ತು. ಅಂದರೆ ಒಂದು ಹೊತ್ತಿನ ಊಟದಷ್ಟು ಕಡಿಮೆ ತಿಂದರೆ ಮಾತ್ರ ಇದ್ದಲ್ಲೇ ಇರಬಹುದು. ಇದು ಸೋಮಾರಿತನದ ಲಕ್ಷಣವಲ್ಲ. ಆದರೂ ಹಾರ್ವರ್ಡ್‌ನ ಟೆಸ್ಸಾ ಚಾರ್ಲ್ಸ್‌ವರ್ತ್ ಮತ್ತು ಮಹಜರೀನ್ ಬನಾಜಿ 2007ರಿಂದ 2016ರವರೆಗಿನ ಲಕ್ಷಾಂತರ ಜನರ ಪರೀಕ್ಷೆಗಳನ್ನು ನೋಡಿದಾಗ ಕಂಡದ್ದು ಏನು? ಜನಾಂಗ, ಮೈಬಣ್ಣ, ಸಲಿಂಗಿಗಳ ಬಗೆಗಿನ ಒಳಗಿನ ಪೂರ್ವಗ್ರಹಗಳು ಕರಗುತ್ತಿದ್ದವು. ದಪ್ಪಗಿರುವವರ ಬಗೆಗಿನದು ಮಾತ್ರ ಏರಿತ್ತು.

ಮತ್ತೆ ಸೀಟಿನ ಮಾತಿಗೆ ಬರೋಣ. ಪ್ರತಿವರ್ಷ ನಮ್ಮ ಊರುಗಳಿಂದ ಸಾವಿರಾರು ತಾಯಂದಿರು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುತ್ತಾರೆ. ಅರುವತ್ತರ ಆಸುಪಾಸಿನವರು, ಮಂಡಿನೋವು, ಎರಡು ಮೂರು ಹೆರಿಗೆ ಕಂಡ ಸೊಂಟ, ಮೇಲೆ ಸ್ವೆಟರ್ ಮತ್ತು ಸೀರೆ. ಮಗ ಅಥವಾ ಅಳಿಯ ಅಗ್ಗದ ಟಿಕೆಟ್ ಹುಡುಕಿರುತ್ತಾನೆ, ಅದು ಸಾಲಿಗೆ ಹತ್ತು ಸೀಟಿನ ವಿಮಾನವಾಗಿರುತ್ತದೆ, ಸಿಗುವುದು ಮಧ್ಯದ ಸೀಟು. ಅತ್ತ ಇತ್ತ ಇಬ್ಬರನ್ನೂ ಎಬ್ಬಿಸಲು ಸಂಕೋಚಪಟ್ಟು, ನೀರು ಕುಡಿದರೆ ಏಳಬೇಕಾದೀತೆಂದು ನೀರನ್ನೂ ಕುಡಿಯದೆ ಹದಿನಾರು ತಾಸು ಕೂರುತ್ತಾರೆ. ಇವರಾರೂ ಯಾವ ಸಮೀಕ್ಷೆಯಲ್ಲೂ ದೂರು ಬರೆಯುವವರಲ್ಲ. ಟಿಕೆಟ್ ಮಾಡಿಸುವ ಮಕ್ಕಳು ದರದ ಜೊತೆಗೆ ವಿಮಾನದ ಮಾದರಿಯನ್ನೂ ನೋಡಿದರೆ, ಸಾಲಿಗೆ ಒಂಬತ್ತು ಸೀಟಿನ ಏರ್‌ಬಸ್ 350 ಸಿಕ್ಕರೆ ಅದನ್ನು ಆರಿಸಿದರೆ, ದಾರಿ ಬದಿಯ ಸೀಟಿಗೆ ಇನ್ನಷ್ಟು ಕೊಟ್ಟರೆ ತಾಯಿಯ ಮಂಡಿ ಉಳಿದೀತು.

ಈ ನಡುವೆ ಸೀಟು ಅಗಲಿಸುವ ಬದಲು ಪ್ರಯಾಣಿಕರನ್ನೇ ಕಿರಿದಾಗಿಸುವ ದಾರಿ ಕಾಣಿಸಿಕೊಂಡಿದೆ. ತೂಕ ಇಳಿಸುವ ಚುಚ್ಚುಮದ್ದುಗಳಾದ ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಜೂನ್‌ನಲ್ಲಿ ಭಾರತಕ್ಕೆ ಬಂದವು. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ ಇಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ ಇತ್ತು, ನಮ್ಮದೇ ಕಂಪನಿಗಳು ಅಗ್ಗದ ಮದ್ದು ತಯಾರಿಸಲು ಸಾಲಾಗಿ ನಿಂತಿದ್ದವು. ವಿಮಾನ ಉದ್ಯಮದ ಲೆಕ್ಕಿಗರು ಇದನ್ನು ಇನ್ನೂ ಮೊದಲೇ ಗಮನಿಸಿದ್ದರು. ಪ್ರಯಾಣಿಕರ ಸರಾಸರಿ ತೂಕ ಹತ್ತು ಪೌಂಡ್ ಇಳಿದರೆ ಯುನೈಟೆಡ್ ಏರ್‌ಲೈನ್ಸ್ ಒಂದಕ್ಕೇ ವರ್ಷಕ್ಕೆ 8 ಕೋಟಿ ಡಾಲರಿನ ಇಂಧನ ಉಳಿಯುತ್ತದೆ ಎಂದು ಜೆಫರೀಸ್ ಎಂಬ ಹಣಕಾಸು ಸಂಸ್ಥೆ 2023ರಲ್ಲಿ ಅಂದಾಜು ಮಾಡಿತು. ಷೇರುದಾರರಿಗಾಗಿ ಬರೆದ ಲೆಕ್ಕ ಅದು. ಚುಚ್ಚುಮದ್ದಿನ ಖರ್ಚು ಹೊತ್ತು, ಹೊಟ್ಟೆ ತೊಳಸು ಸಹಿಸಿ ಆ ಹತ್ತು ಪೌಂಡ್ ಇಳಿಸಿದವರ ಟಿಕೆಟ್ಟಿನಲ್ಲಿ ಎಷ್ಟು ಕಡಿತವಾಗಬೇಕು ಎಂಬ ಕಾಲಂ ಅದರಲ್ಲಿ ಇರಲಿಲ್ಲ.